ಹಸಿದು ಹೋದ ಕೌದಿ

ಹೋದ ತಿಂಗಳು ಹರಿಹರದ ಸೇತುವೆಯ ಮೇಲೆ ನಮ್ಮ ಬಸ್ಸು ಕೆಟ್ಟು ನಿಂತಿತು. ಡ್ರೈವರ್ ಬಾನೆಟ್ ಎತ್ತಿ ಒಳಗೆ ಇಣುಕತೊಡಗಿದ. ನಾವು ಹತ್ತಾರು ಮಂದಿ ಇಳಿದು ಸೇತುವೆಯ ಅಂಚಿಗೆ ನಿಂತೆವು. ಕೆಳಗೆ ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ದಾರಿ ಹುಡುಕಿಕೊಂಡು ಹರಿಯುತ್ತಿದ್ದಳು. ಆ ಬಂಡೆಗಳ ಮೇಲೆ ಯಾರೋ ಕೌದಿಗಳನ್ನು ಒಗೆದು ಒಣಗಲು ಹಾಸಿದ್ದರು. ಕೆಂಪು, ಹಸಿರು, ಮಾಸಿದ ಹಳದಿ. ಗಾಳಿ ತಿರುಗಿದಾಗ ವಾಸನೆ ಮೇಲಕ್ಕೆ ಬಂತು. ಒದ್ದೆ ಹಳೇ ಸೀರೆ, ಬಾರ್ ಸೋಪು, ನದಿಯ ಪಾಚಿ, ಕಾದ ಕಲ್ಲು, ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ. ಬಸ್ಸು ರಿಪೇರಿಯಾಗಿ ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಹತ್ತಿದೆ. ಮನಸ್ಸು ಮಾತ್ರ ಆ ಬಂಡೆಗಳ ಮೇಲೆಯೇ ಕೂತಿತ್ತು. ಯಾಕೆಂದರೆ ನನ್ನ ಅಂಗಡಿಯ ಮೊದಲ ಫೋಟೋ ತೆಗೆದದ್ದು ಅಲ್ಲಿ.

ಅಂಗಡಿ ಅಂದರೆ ಬಾಗಿಲು, ಬೀಗ, ಗಲ್ಲಾಪೆಟ್ಟಿಗೆ ಇರುವ ಅಂಗಡಿಯಲ್ಲ. ಅದು ಎಲ್ಲಿತ್ತು ಅಂತ ಕೇಳಿದರೆ ನನಗೆ ಇಂದಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಅರ್ಧ ನಮ್ಮ ಮನೆಯ ಪಡಸಾಲೆಯಲ್ಲಿತ್ತು. ಇನ್ನರ್ಧ ಟೆಲಿಫೋನ್ ತಂತಿಯೊಳಗೆ ಎಲ್ಲೋ ಇತ್ತು.

ತೊಂಬತ್ತೆಂಟನೇ ಇಸವಿ. ನಾನು ಹನ್ನೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತಿದ್ದ ಹರಿಹರದ ಕಾರ್ಖಾನೆ ಬಾಗಿಲು ಹಾಕಿತು. ನಮ್ಮೂರು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಒಂದೊಂದು ಗೇಟಿನ ಮುಂದೆಯೂ ಕೆಲಸ ಕೇಳಿ ಬಂದೆ. ನನ್ನಂಥವರು ಅಲ್ಲಿ ಆಗಲೇ ಸಾಲುಗಟ್ಟಿದ್ದರು. ಹೆಂಡತಿ ಶೈಲಾ ಊರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಮಗಳು ಸಿಂಚನಾಗೆ ಆಗ ಎರಡೂವರೆ ವರ್ಷ. ಅವಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಬಿಟ್ಟುಹೋದಳು, ನಾನು ಮನೆಯಲ್ಲಿದ್ದೆ. ಹೀಗೆ ಯಾರೂ ಗೊತ್ತುಮಾಡದೆ ಕೆಲಸ ನನ್ನ ಕೈಗೆ ಬಂತು.

ವಿದ್ಯಾನಗರದ ನಮ್ಮ ಬೀದಿಯವರು ಮೊದಲ ಒಂದು ತಿಂಗಳು "ರಜಾನಾ?" ಎಂದು ಕೇಳಿದರು. ಎರಡನೇ ತಿಂಗಳು "ಹುಷಾರಿಲ್ವಾ?" ಎಂದರು. ಆಮೇಲೆ ಕೇಳುವುದನ್ನೇ ಬಿಟ್ಟರು. ನಾನು ಗಂಜಿ ಬಸಿಯುವುದು ಕಲಿತೆ, ಜಡೆ ಹೆಣೆಯುವುದು ಕಲಿತೆ, ಮಗು ಯಾವ ಅಳು ಹಸಿವಿಗೆ ಅಳುತ್ತದೆ, ಯಾವುದು ಬರೀ ರಂಪಕ್ಕೆ ಎಂದು ಕಲಿತೆ. ಮಧ್ಯಾಹ್ನ ಅವಳು ನನ್ನ ಅಂಗಿಯ ಎರಡನೇ ಗುಂಡಿ ಹಿಡಿದುಕೊಂಡು ನಿದ್ದೆ ಹೋಗುತ್ತಿದ್ದಳು. ನಾನು ಅಲುಗಾಡುವಂತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು, ಈಗ ಹೇಳುತ್ತೇನೆ: ನನ್ನ ಬದುಕಿನಲ್ಲಿ ನಾನು ಅಷ್ಟು ಸುಖವಾಗಿ ಹಿಂದೆಂದೂ ಇರಲಿಲ್ಲ.

ಸುಖಕ್ಕೆ ಕಲ್ಲು ಬಿದ್ದದ್ದು ದೀಪಾವಳಿಗೆ. ಶೈಲಾಳ ಅಣ್ಣ ಕೊಲ್ಹಾಪುರದಲ್ಲಿ ನನಗೊಂದು ಸೂಪರ್‌ವೈಸರ್ ಕೆಲಸ ನೋಡಿದ್ದರು. ನಾನು ಅಲ್ಲಿಗೆ ಹೋಗುವುದು, ಶೈಲಾ ಇಲ್ಲಿ ಇರುವುದು, ಸಿಂಚುವನ್ನು ಹೊನ್ನಾಳಿಯಲ್ಲಿ ಅತ್ತೆಯವರ ಮನೆಯಲ್ಲಿ ಬಿಡುವುದು. ಮೂರು ಜನ ಮೂರು ಊರು. ಒಬ್ಬರ ಸಂಬಳದಲ್ಲಿ ಸಂಸಾರ ತೂಗುವುದು ಕಷ್ಟವಾಗಿತ್ತು, ಆದ್ದರಿಂದ ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಗುಂಡಿ ಹಿಡಿದು ಮಲಗುತ್ತಾಳೆ ಎನ್ನುವುದನ್ನು ಭಾವನ ಮುಂದೆ ಕಾರಣವೆಂದು ಹೇಗೆ ಹೇಳುವುದು?

ಆ ದಿನಗಳಲ್ಲೇ ನಮ್ಮ ಪಡಸಾಲೆಗೆ ಕೊಟ್ರಜ್ಜಿ ಬಂದಳು. ಊರಂಚಿನ ಆನೆಕೊಂಡದವಳು, ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ತೀರಿಕೊಂಡ ನನ್ನ ಅವ್ವನ ಸೀರೆಗಳನ್ನು ಒಟ್ಟುಗೂಡಿಸಿ ಸಿಂಚುಗೊಂದು ಕೌದಿ ಹೊಲಿಸಬೇಕೆಂದು ಶೈಲಾ ಅವಳನ್ನು ಕರೆಸಿದ್ದಳು. ಅಜ್ಜಿ ಹೊಸ್ತಿಲು ದಾಟಿ, ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಗಂಡಸು ಒಲಿ ಮುಂದೆ, ಹೆಂಗಸು ಕೆಲಸಕ್ಕೆ. ಚಲೋ ಐತೆ ಬಿಡು. ಸಾರು ಉಣ್ಣಂಗೆ ಐತೋ ಇಲ್ಲೋ?"

"ಉಂಡು ನೋಡ್ರಿ ಅಜ್ಜಿ."

ಉಂಡಳು. ಉಪ್ಪು ಕಮ್ಮಿ ಎಂದಳು. ಆಮೇಲೆ ಎಲೆಯಡಿಕೆ ಚೀಲದಿಂದ ಹತ್ತು ಸೂಜಿ ಸಿಕ್ಕಿಸಿದ ಒಂದು ಬಟ್ಟೆಯ ತುಂಡು ತೆಗೆದು ನನ್ನ ಮುಂದೆ ಹಿಡಿದಳು. "ಪೋಣಿಸು. ನಂಗೆ ಕಣ್ಣು ಮಂಜು." ಅಂದಿನಿಂದ ಅದು ನನ್ನ ದಿನದ ಮೊದಲ ಕೆಲಸವಾಯಿತು. ಬೆಳಿಗ್ಗೆ ಹತ್ತೂ ಸೂಜಿಗೆ ದಾರ ಪೋಣಿಸಿ ಕೊಡುವುದು. ಒಂದೇ ಸಲಕ್ಕೆ ದಾರ ಒಳಗೆ ಹೋಗುತ್ತಿತ್ತು. ಲೇತ್ ನೋಡಿ ಪಳಗಿದ ಕಣ್ಣು ನನ್ನದು.

ಅವಳು ಹೊಲಿಯುವುದನ್ನು ನೋಡುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿನ ಕಡೆಗೆ ಬರುವಳು. ಗೆರೆ ಹಾಕಿಕೊಳ್ಳುವುದಿಲ್ಲ, ಅಳೆಯುವುದಿಲ್ಲ, ಬಾಯಿ ತುಂಬ ಎಲೆಯಡಿಕೆ, ಮಾತು ಬೇರೆಲ್ಲೋ. ಒಂದು ದಿನ ತಡೆಯಲಾರದೆ ನನ್ನ ಹಳೇ ವರ್ನಿಯರ್ ಕ್ಯಾಲಿಪರ್ ತಂದು ಅವಳ ಹೊಲಿಗೆಗಳನ್ನು ಒಂದೊಂದಾಗಿ ಅಳೆದೆ. ಒಂದು, ಎರಡು, ಹತ್ತು, ಇಪ್ಪತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟು ನಿಖರವಾಗಿ ಕಬ್ಬಿಣ ಕೊರೆದದ್ದಕ್ಕೆ ನಮ್ಮ ಫೋರ್‌ಮನ್ ಒಮ್ಮೆ ನನಗೆ ಶಹಬ್ಬಾಸ್ ಅಂದಿದ್ದರು. ನನ್ನ ಮೈ ಜುಮ್ಮೆಂದಿತು.

"ಏನಪ್ಪಾ ಅದು, ಇಕ್ಕಳ?"

"ಅಳತೆ ಮಾಡೋದು ಅಜ್ಜಿ. ನಿಮ್ಮ ಹೊಲಿಗೆ ಎಲ್ಲಾ ಒಂದೇ ಅಳತೆ ಅದಾವು!"

"ಅದನ್ನ ನೋಡಾಕೆ ಕಬ್ಬಣ ಬೇಕೇನು?" ಎಂದು ಅವಳು ಮತ್ತೆ ತಲೆ ಬಗ್ಗಿಸಿದಳು.

ನನ್ನ ಎರಡನೇ ಬೆರಗು ರುದ್ರಯ್ಯ ಮೇಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಾದಿತ್ತು. ಚಿಕ್ಕಂದಿನಲ್ಲಿ ನಾನು ಟೈಪಿಂಗ್ ಕಲಿತದ್ದು ಅವರ ಬಳಿ. ಅರವತ್ತು ದಾಟಿದ ಮೇಲೆ ಅವರಿಗೆ ಹೊಸ ಹುಚ್ಚು ಹಿಡಿದಿತ್ತು. ಹದಿನಾರು ಟೈಪ್‌ರೈಟರುಗಳನ್ನು ಮೂಲೆಗೆ ತಳ್ಳಿ ಮೂರು ಕಂಪ್ಯೂಟರ್ ತಂದಿಟ್ಟು, ಹೊರಗೆ ಇಂಟರ್‌ನೆಟ್ ಎಂದು ಬೋರ್ಡು ಹಾಕಿದ್ದರು. ಸಿಂಚುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದ ನನಗೆ ಅವರು ಅದನ್ನು ತೋರಿಸಿದರು. ಮೋಡೆಮ್ ಎಂಬ ಪೆಟ್ಟಿಗೆ ಕರ್ರೋ ಕಿರ್ರೋ ಎಂದು ಅರಚಿತು. ಸಿಂಚು ಹೆದರಿ ನನ್ನ ಕಿವಿ ಹಿಡಿದಳು. ಆಮೇಲೆ ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಒಂದು ಚಿತ್ರ ಇಳಿಯತೊಡಗಿತು. ಯಾವುದೋ ದೇಶದ ದೀಪಸ್ತಂಭ, ಅದರ ಬುಡದಲ್ಲಿ ಅಲೆ.

"ಇದು ಈಗ ಅಲ್ಲಿಂದ ಬರಾಕತ್ತೈತೆ ಮಂಜುನಾಥ," ಎಂದರು ಮೇಷ್ಟ್ರು, ಪಿಸುಮಾತಿನಲ್ಲಿ, ದೇವಸ್ಥಾನದಲ್ಲಿ ಮಾತಾಡುವ ಹಾಗೆ. "ನೀನು ಏನರ ಇಲ್ಲಿಂದ ಇಟ್ರೆ ಅವರು ಅಲ್ಲಿ ನೋಡಬಹುದು. ಅಂಗಡೀನೂ ಇಡಬಹುದಂತೆ."

ಒಂದೊಂದೇ ಸಾಲಾಗಿ ತುಂಬಿಕೊಳ್ಳುತ್ತಿದ್ದ ಆ ಚಿತ್ರವನ್ನು ನೋಡುತ್ತಿದ್ದಂತೆ ನನಗೆ ಕೊಟ್ರಜ್ಜಿ ನೆನಪಾದಳು. ಅಂಗಡಿಯ ಯೋಚನೆ ಹುಟ್ಟಿದ್ದು ಆ ಕ್ಷಣದಲ್ಲಿ. ಮನೆಯಲ್ಲೇ ಇದ್ದು, ಮಗುವಿನ ಪಕ್ಕದಲ್ಲೇ ಕೂತು ಮಾಡಬಹುದಾದ ವ್ಯಾಪಾರ!

ಹೇಳಿದಾಗ ಶೈಲಾ ನಗಲಿಲ್ಲ. "ನೋಡ್ರೀ, ಸಿಂಚೂನ ಹೊನ್ನಾಳಿಗೆ ಕಳ್ಸಾಕೆ ನಂಗೇನು ಖುಷಿ ಇಲ್ಲ. ಬೇಸಿಗೆ ತನಕ ನೋಡಾಣ. ಅಷ್ಟ್ರೊಳಗೆ ಅಂಗಡಿ ಅಂತ ಒಂದು ನಿಂತ್ರೆ ಸರಿ. ಇಲ್ಲಾಂದ್ರೆ ಏಪ್ರಿಲ್ ಕೊನೆಗೆ ನೀವು ಕೊಲ್ಹಾಪುರ," ಎಂದಳು. ಅಣ್ಣನಿಗೂ ಹಾಗೆಯೇ ಪತ್ರ ಬರೆದಳು.

ಸಿಂಚುವಿನ ಕೌದಿಯನ್ನು ಹರಿಹರಕ್ಕೆ ಒಯ್ದು, ನದಿಯ ಬಂಡೆಯ ಮೇಲೆ ಹಾಸಿ, ಹಳೇ ಸಹೋದ್ಯೋಗಿಯೊಬ್ಬರ ಕ್ಯಾಮೆರಾದಲ್ಲಿ ಫೋಟೋ ತೆಗೆದೆ. ನೀರಿನ ಹನಿ ಸಿಡಿದು ಒಂದು ಮೂಲೆ ಒದ್ದೆಯಾಯಿತು, ವಾಸನೆ ಎದ್ದಿತು. ಮೇಷ್ಟ್ರು ಇಂಟರ್‌ನೆಟ್ಟಿಗೆ ಪುಟ ಮಾಡಿದರು, ಶೈಲಾ ಇಂಗ್ಲಿಷ್ ಬರೆದಳು. ಮೇಷ್ಟ್ರಿಗೆ ಅದು ತೃಪ್ತಿಯಾಗದೆ, ಟೈಪಿಂಗ್ ಪರೀಕ್ಷೆಯ ಮಾದರಿ ಪತ್ರದಂತೆ 'ಮಾನ್ಯರೇ' ಎಂದು ಶುರುಮಾಡಿ 'ತಮ್ಮ ವಿಧೇಯ' ಎಂದು ಮುಗಿಸಿದರು. ಜಗತ್ತಿನಲ್ಲಿ ಗಿರಾಕಿಗೆ ಅಷ್ಟು ವಿನಯದಿಂದ ನಡೆದುಕೊಂಡ ಅಂಗಡಿ ಇನ್ನೊಂದಿರಲಾರದು.

ವಾರಕ್ಕೆರಡು ಸಲ ಮೇಷ್ಟ್ರಲ್ಲಿಗೆ ಹೋಗಿ ಕಂಪ್ಯೂಟರಿಗೆ ಟಪಾಲು ಬಂದಿದೆಯೇ ಎಂದು ನೋಡುತ್ತಿದ್ದೆ. ಐದು ವಾರ ಏನೂ ಇಲ್ಲ. ಡಿಸೆಂಬರಿನ ಒಂದು ಮಂಗಳವಾರ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಕೆನಡಾದಿಂದ ಹೆಲೆನ್ ಎಂಬ ಹೆಂಗಸು ಬರೆದಿದ್ದಳು. ಊರಿನ ಗ್ರಂಥಾಲಯದಲ್ಲಿ ಕೆಲಸ, ತಾನೂ ಹೊದಿಕೆ ಹೊಲಿಯುವವಳು. ಮಾರ್ಚಿನಲ್ಲಿ ಮಗಳಿಗೆ ಹೆರಿಗೆ. ಹುಟ್ಟುವ ಮೊಮ್ಮಗುವಿಗೆ ಇಂಥದ್ದೇ ಒಂದು ಕೌದಿ ಬೇಕು. ನಾನು ಆ ಪತ್ರವನ್ನು ಪ್ರಿಂಟ್ ಹಾಕಿಸಿ ಜೇಬಿನಲ್ಲಿಟ್ಟುಕೊಂಡು ಆನೆಕೊಂಡದವರೆಗೆ ಸೈಕಲ್ ತುಳಿದೆ.

"ಮಾರಾಕಾ?" ಕೊಟ್ರಜ್ಜಿಯ ಮುಖ ಗಂಟಾಯಿತು. "ಹೊಲಿದ ಕೂಲಿ ಇಸ್ಕಂತೀವಿ. ಕೌದಿ ಯಾರರ ಮಾರ್ತಾರೇನಪ್ಪಾ?"

"ಹುಟ್ಟೋ ಕೂಸಿಗೆ ಅಜ್ಜಿ."

"ಕೂಸಿಗಾ? ಮತ್ತೆ ಅದನ್ನ ಮೊದ್ಲು ಹೇಳ್ಬಾರ್ದಾ? ಯಾವೂರು?"

"ಕೆನಡಾ ಅಂತ. ಸಮುದ್ರ ದಾಟಿ ಹೋಗ್ಬೇಕು. ಆರು ತಿಂಗ್ಳು ಹಿಮ ಬೀಳ್ತೈತಂತೆ."

"ಅಯ್ಯೋ ಶಿವನೇ! ಹಂಗಾದ್ರೆ ಇನ್ನೊಂದು ಪದರ ಹಾಕ್ಬೇಕು."

ನಾನು ಬಜಾರಿನಿಂದ ಹೊಸ ಬಟ್ಟೆ ತಂದಿದ್ದೆ. ಅಜ್ಜಿ ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು. ಹೊಸದು ಕೂಸಿನ ಮೈಗೆ ಚುಚ್ಚುತ್ತದಂತೆ, ಉಟ್ಟು ಉಟ್ಟು ಮೆತ್ತಗಾದದ್ದೇ ಬೇಕಂತೆ. ಅವ್ವನ ಸೀರೆಗಳಲ್ಲಿ ಉಳಿದಿದ್ದ ಎರಡು, ಶೈಲಾಳ ಬಾಣಂತನದ ಸೀರೆಗಳು, ಬೀದಿಯ ನಾಲ್ಕು ಮನೆಯವರು ಕೊಟ್ಟದ್ದು, ಎಲ್ಲ ಸೇರಿದವು. ಇಡೀ ಜನವರಿ ನಮ್ಮ ಪಡಸಾಲೆಯಲ್ಲಿ ಸೂಜಿ ನಡೆಯಿತು. ಫೆಬ್ರವರಿಯ ಮೊದಲ ವಾರ ಹೊಲಿಗೆ ನಡುವಿಗೆ ಬಂದು ಮುಟ್ಟಿತು. ಅಂಗೈಯಗಲದ ಒಂದು ಚೌಕ ಮಾತ್ರ ಬಾಕಿ ಉಳಿಯಿತು.

"ಇದು ಹೊಟ್ಟೆ," ಎಂದಳು ಅಜ್ಜಿ. "ನಿನ್ನ ಮಗಳ ಕೌದಿಗೂ ತುಂಬೀನಿ. ಕೌದೀನ ಹಸಿವಿನಾಗೆ ಕಳಿಸ್ಬಾರ್ದು. ಹಸಿದ ಕೌದಿ ಹೊದ್ದ ಕೂಸು ಹಸಕೊಂಡೇ ಇರ್ತೈತೆ." ಖಡಕ್ ಜೋಳದ ರೊಟ್ಟಿಯ ಒಂದು ಚೂರು, ಐದು ಜೋಳದ ಕಾಳು, ಚಿಟಿಕೆ ಬೆಲ್ಲ. ಅವನ್ನು ಸಿಂಚುವಿನ ಪುಟ್ಟ ಕೈಯಲ್ಲೇ ಇಡಿಸಿದಳು. "ಉಣ್ಣು ನಮ್ಮವ್ವಾ, ದೂರ ಹೊಂಟೀಯ" ಎಂದು ಕೌದಿಯನ್ನು ತಟ್ಟಿ, ಮೇಲೊಂದು ಕೆಂಪು ತುಂಡಿಟ್ಟು ಹೊಲಿದು ಮುಚ್ಚಿದಳು. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ.

ಅದೇ ದಿನ ಅಂಚೆ ಕಚೇರಿಗೆ ಫಾರಂ ತರಲು ಹೋದೆ. ಕೌಂಟರಿನ ಹೆಂಗಸು ಒಳ್ಳೆಯವರು, ತಾಳ್ಮೆಯಿಂದ ವಿವರಿಸಿದರು. "ತಿನ್ನೋ ಸಾಮಾನು, ಕಾಳು, ಬೀಜ ಏನರ ಒಳಗೆ ಐತೇನ್ರಿ? ಇದ್ರೆ ಹಾಕ್ಬ್ಯಾಡ್ರಿ. ಆ ಕಡೆ ಪಾರ್ಸೆಲ್ ತಡೀತಾರೆ, ಒಂದೊಂದ್ಸಲ ಸುಟ್ಟೂ ಹಾಕ್ತಾರಂತೆ. ಏನೂ ಇಲ್ಲ ಅಂತ ಇಲ್ಲಿ ಸಹಿ ಮಾಡ್ಬೇಕು ನೋಡ್ರಿ."

ಸುಡುವುದು ಎಂಬ ಮಾತು ಕಿವಿಯಲ್ಲೇ ನಿಂತಿತು. ಅವ್ವನ ಸೀರೆ, ಅಜ್ಜಿಯ ಒಂದು ತಿಂಗಳು, ನನ್ನ ಏಪ್ರಿಲ್. ಮನೆಗೆ ಬಂದಾಗ ಅಜ್ಜಿ ಹೊರಟುಹೋಗಿದ್ದಳು. ಅವಳನ್ನು ಕೇಳಬಹುದಿತ್ತು. ಆನೆಕೊಂಡ ಎಷ್ಟು ದೂರ? ಕೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಬ್ಲೇಡು ತೆಗೆದುಕೊಂಡು ನಡುವಿನ ಚೌಕದ ಹೊಲಿಗೆ ಬಿಚ್ಚಿದೆ. ಮಧ್ಯಾಹ್ನದ ನಿದ್ದೆಯಿಂದೆದ್ದ ಸಿಂಚು ಪಕ್ಕಕ್ಕೆ ಬಂದು ಕೂತು, ನಾನು ಹೊರಗೆ ತೆಗೆದಿಟ್ಟ ರೊಟ್ಟಿ ಚೂರನ್ನು ಕುರುಕುರು ಎಂದು ತಿಂದಳು. ಬೆಲ್ಲವನ್ನೂ ನೆಕ್ಕಿದಳು. ಕಾಳುಗಳನ್ನು ಅಂಗಳಕ್ಕೆ ಎಸೆದೆ. ಆಮೇಲೆ ಕೆಂಪು ತುಂಡನ್ನು ನಾನೇ ಹೊಲಿದೆ. ಹನ್ನೊಂದು ವರ್ಷ ಕಬ್ಬಿಣವನ್ನು ಕೂದಲೆಳೆಗೆ ತಂದ ಕೈ ಬಟ್ಟೆಯ ಮೇಲೆ ಸೊಟ್ಟ ಸೊಟ್ಟ ಓಡಿತು. ಹೇಗೋ ಮುಗಿಸಿ, ಕಾಟನ್ ಬಟ್ಟೆಯಲ್ಲಿ ಪಾರ್ಸೆಲ್ ಕಟ್ಟಿ, ಅರಗು ಹಾಕಿಸಿ ಕಳಿಸಿದೆ.

ಮಾರ್ಚ್ ಮುಗಿಯುವ ಹೊತ್ತಿಗೆ ಉತ್ತರ ಬಂತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದರು. ಹೆಣ್ಣುಮಗು ಹುಟ್ಟಿತ್ತು. ಕೌದಿಯ ಮೇಲೆಯೇ ಮಲಗುತ್ತಿತ್ತು. ಗ್ರಂಥಾಲಯದ ಹೊಲಿಗೆಯ ಗೆಳತಿಯರು ನೋಡಿ ದಂಗಾಗಿದ್ದರು, ಇನ್ನೂ ನಾಲ್ಕು ಕೌದಿ ಬೇಕಿತ್ತು. ನಾಲ್ಕು! ನಾನು ಸಿಂಚುವನ್ನು ಎತ್ತಿ ಗಿರಗಿರ ತಿರುಗಿಸಿದೆ. ಮೇಷ್ಟ್ರು ಕೈಯೆತ್ತಿ ತಡೆದರು.

"ತಡಿ, ಇನ್ನೂ ಐತೆ. 'ಒಂದು ಮಾತು ಕೇಳಬೇಕು. ಈ ಹೊದಿಕೆಯನ್ನು ಒಬ್ಬರೇ ಹೊಲಿದಿದ್ದಾರೆ. ಆ ಕೈ ಎಲ್ಲಿಯೂ ಅವಸರ ಮಾಡಿಲ್ಲ. ಆದರೆ ನಟ್ಟನಡುವಿನ ಕೆಂಪು ಚೌಕದ ಸುತ್ತ ಬೇರೊಂದು ಕೈ ಇದೆ. ಆ ಕೈ ಹೆದರಿದೆ. ಅದು ಯಾರದು?'"

ನಾನು ಕುರ್ಚಿಯ ಮೇಲೆ ಕೂತೆ. ಅಷ್ಟು ದೂರ, ನನ್ನ ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಒಬ್ಬ ಹೆಂಗಸು ನಾನು ಆ ಮಧ್ಯಾಹ್ನ ಹೆದರಿದ್ದನ್ನು ದಾರದಲ್ಲಿ ಓದಿದ್ದಳು. ಟೆಲಿಫೋನ್ ತಂತಿಯಲ್ಲಿ ಚಿತ್ರ ಬಂದದ್ದು ದೊಡ್ಡದೋ, ಇದು ದೊಡ್ಡದೋ? ನನಗೆ ಇಂದಿಗೂ ಇದೇ ದೊಡ್ಡದಾಗಿ ಕಾಣುತ್ತದೆ.

ಮರುದಿನ ಕೊಟ್ರಜ್ಜಿ ಸುದ್ದಿ ಕೇಳಲು ಬಂದಳು. ಹೆಣ್ಣುಕೂಸು ಎಂದೆ, ನಾಲ್ಕು ಕೌದಿ ಎಂದೆ, ಪ್ರಶ್ನೆಯ ವಿಷಯ ನುಂಗಿಕೊಂಡೆ. ಅಜ್ಜಿಯ ಮುಖ ಅರಳಿತ್ತು. ಆಗ ಅವಳ ತೊಡೆಯ ಮೇಲೆ ಕೂತಿದ್ದ ಸಿಂಚು ಹೆಮ್ಮೆಯಿಂದ ಹೇಳಿದಳು. "ಅಜ್ಜಿ, ಕೌದಿ ರೊಟ್ಟಿ ನಾ ತಿಂದೆ. ಬೆಲ್ಲಾನೂ ತಿಂದೆ. ಅಪ್ಪ ತೆಗ್ದುಕೊಟ್ಟ."

ಅಜ್ಜಿ ನನ್ನ ಕಡೆ ನೋಡಿದಳು. ನಾನು ಅಂಚೆ ಕಚೇರಿ, ಸಹಿ, ಸುಡುವುದು ಎಂದು ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಸಿಂಚುವಿನ ಹೊಟ್ಟೆಯ ಮೇಲೆ ಕೈಯಿಟ್ಟಳು.

"ನಿನ್ನ ಮಗಳ ಹೊಟ್ಟೆ ತುಂಬ್ತು. ಚಲೋ ಆತು. ಆ ಕೂಸಿಂದು?"

ನಾನು ಸಿಂಚುವನ್ನು ಎತ್ತಿಕೊಳ್ಳಲು ಕೈ ಚಾಚಿದೆ, ಅಜ್ಜಿ ಕೊಡಲಿಲ್ಲ.

"ಕಾನೂನು ಇದ್ರೆ ನಂಗೆ ಹೇಳ್ಬೇಕಿತ್ತು. ಬ್ಯಾರೆ ಏನರ ಹೊಲೀತಿದ್ದೆ, ಕೌದಿ ಹೊಲೀತಿರ್ಲಿಲ್ಲ. ಅದು ಅಲ್ಲಿ ಹಸಕೊಂಡು ಕುಂತೈತೆ. ಅದರ ಹೊಟ್ಟೆ ತುಂಬೋ ತನಕ ನಾ ಇನ್ನೊಂದಕ್ಕೆ ದಾರ ಮುಟ್ಟಲ್ಲ." ಹತ್ತು ಸೂಜಿಯ ಬಟ್ಟೆಯನ್ನು ಮಡಚಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು ಎದ್ದುಹೋದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಆನೆಕೊಂಡದಲ್ಲಿ ಕೌದಿ ಹೊಲಿಯುವ ಇನ್ನೂ ಮೂವರಿದ್ದರು. ಎರಡು ದಿನ ಅಲ್ಲೇ ಅಲೆದೆ. ಮೂವರೂ ಕೂರಿಸಿ ಚಹಾ ಕೊಟ್ಟರು, ಮೂವರೂ ಒಂದೇ ಮಾತು ಹೇಳಿದರು. "ಕೊಟ್ರಜ್ಜಿ ಬ್ಯಾಡ ಅಂದಿದ್ದನ್ನ ನಾವು ಹೆಂಗೆ ಮುಟ್ಟಾಣ್ರಿ?" ಕೈಯಲ್ಲಿ ನಾಲ್ಕು ಕೌದಿಯ ಬೇಡಿಕೆ, ಹೊಲಿಯುವವರು ಒಬ್ಬರೂ ಇಲ್ಲ. ವ್ಯಾಪಾರ ಕುದುರಿದ ವಾರದಲ್ಲೇ ನನ್ನ ಅಂಗಡಿ ಮುಚ್ಚಿತ್ತು.

ಶೈಲಾಗೆ ಎಲ್ಲವನ್ನೂ ಹೇಳಿದೆ. ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದಳು. "ಆ ಯಮ್ಮ ಕೇಳ್ಯಾಳಲ್ಲ, ಯಾರ ಕೈ ಅಂತ. ನಿಜ ಬರೀರಿ." ನಾನು ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಬರೆದಳು. ಹೊಟ್ಟೆ, ರೊಟ್ಟಿ, ಐದು ಕಾಳು, ಬ್ಲೇಡು, ಮಗಳು, ಅಜ್ಜಿ. ಆ ಹೆದರಿದ ಕೈ ನನ್ನದೇ ಎಂದು. ಮೇಷ್ಟ್ರು ಈ ಸಲ 'ಮಾನ್ಯರೇ' ಹಾಕಲಿಲ್ಲ, 'ತಮ್ಮ ವಿಧೇಯ'ವನ್ನೂ ಹಾಕಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಿ ಕಳಿಸಿದರು.

ಒಂದು ವಾರ ಕಳೆಯಿತು, ಎರಡು ವಾರವೂ ಕಳೆಯಿತು. ಹೆಲೆನ್‌ಗೆ ಅಸಹ್ಯವಾಗಿರಬೇಕು, ಕೂಸು ಮಲಗುವ ಬಟ್ಟೆಯೊಳಗೆ ರೊಟ್ಟಿ ಇಡುವ ಜನ ಎಂಥವರು ಅಂದುಕೊಂಡಿರಬೇಕು ಎಂದು ನಾನೇ ತೀರ್ಮಾನಿಸಿಕೊಂಡೆ. ದಾವಣಗೆರೆಯ ಬಿಸಿಲು ಆ ವರ್ಷ ಗೋಡೆಗಳಿಂದಲೂ ಬರುತ್ತಿತ್ತು. ಶೈಲಾ ಕೊಲ್ಹಾಪುರಕ್ಕೆ ಒಪ್ಪಿಗೆ ಪತ್ರ ಬರೆದು, ಸಹಿಗೆ ಜಾಗ ಬಿಟ್ಟು ಮೇಜಿನ ಮೇಲಿಟ್ಟಳು. ಭಾನುವಾರ ಮಗುವನ್ನು ಕರೆದೊಯ್ಯಲು ಬರುತ್ತೇನೆಂದು ಹೊನ್ನಾಳಿಯಿಂದ ಅತ್ತೆ ಹೇಳಿಕಳಿಸಿದರು. ಸಿಂಚುವಿನ ಫ್ರಾಕುಗಳನ್ನು ಮಡಿಸಿ ಟ್ರಂಕಿನಲ್ಲಿಡುವಾಗ ಅವಳು ಒಂದೊಂದನ್ನೂ ಹೊರಗೆ ತೆಗೆದು ನನಗೇ ಕೊಡುತ್ತಿದ್ದಳು, ಆಟವೆಂದುಕೊಂಡು. ಅವ್ವನ ಸೀರೆಯ ಕೌದಿಯನ್ನು ಕೊನೆಗೆ ಇಟ್ಟೆ. ಅದರ ಹೊಟ್ಟೆಯಾದರೂ ತುಂಬಿತ್ತು.

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಗೆ ಮೇಷ್ಟ್ರ ಫೋನ್ ಬಂತು. "ಪತ್ರ ಬಂದೈತೆ. ಜೊತೆಗೆ ಒಂದು ಚಿತ್ರ ಐತೆ. ನಾ ತೆರೆದಿಲ್ಲ. ಅಜ್ಜೀನ ಕರ್ಕೊಂಡು ಬಾ."

ಕೊಟ್ರಜ್ಜಿ ಬಾಗಿಲಲ್ಲೇ "ನಾ ಯಾಕೆ ಬರ್ಲಿ?" ಎಂದಳು. "ನಿಮ್ಮ ಕೌದಿ ಬಂದೈತೆ ಅಜ್ಜಿ, ಚಿತ್ರದಾಗೆ," ಎಂದೆ. ಚಪ್ಪಲಿಯನ್ನೂ ಮೆಟ್ಟದೆ ನನ್ನ, ಸಿಂಚುವಿನ ಜೊತೆ ಆಟೋ ಹತ್ತಿದಳು.

ಮೇಷ್ಟ್ರು ಅವಳನ್ನು ತಮ್ಮ ಸ್ವಂತ ಕುರ್ಚಿಯಲ್ಲಿ ಕೂರಿಸಿದರು. "ಕೂಡ್ರಿ ಅಮ್ಮಾ." ಮೋಡೆಮ್ ಅರಚಿತು. ಅಜ್ಜಿ ಅದರ ಕಡೆ ನೋಡಲಿಲ್ಲ. ಪರದೆಯ ಮೇಲೆ ಮೇಲಿನ ಅಂಚು ಕಾಣಿಸಿತು, ಅವ್ವನ ಹಸಿರು ಸೀರೆಯ ಅಂಚು. ಆಮೇಲೆ ಒಂದು ಗೆರೆ, ಮತ್ತೊಂದು ಗೆರೆ. ಅಜ್ಜಿ ಬೆರಳು ಮಡಚುತ್ತ ತನ್ನ ಸಾಲುಗಳನ್ನು ಎಣಿಸತೊಡಗಿದಳು. ಹಳದಿ ತುಂಡು ಬಂತು, ನೀಲಿ ತುಂಡು ಬಂತು, ನಡುವಿನ ಕೆಂಪಿನ ಮೇಲಂಚು ಇನ್ನೇನು ಇಣುಕಬೇಕು, ಚಿತ್ರ ನಿಂತುಬಿಟ್ಟಿತು. ಲೈನ್ ಕಟ್ಟಾಗಿತ್ತು.

ಮೇಷ್ಟ್ರು ಮತ್ತೆ ಡಯಲ್ ಮಾಡಿದರು. ಎಂಗೇಜ್. ಮತ್ತೆ ಮಾಡಿದರು. ಅವರ ಹಣೆಯ ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು. ನಾಲ್ಕನೇ ಸಲಕ್ಕೆ ಹತ್ತಿತು, ಚಿತ್ರ ಮತ್ತೆ ಮೊದಲಿನಿಂದ ಇಳಿಯತೊಡಗಿತು. ಹಸಿರು, ಹಳದಿ, ನೀಲಿ. ಆಮೇಲೆ ಕೆಂಪು ಚೌಕ. ಅದರ ಸುತ್ತ ನನ್ನ ಸೊಟ್ಟ ಹೊಲಿಗೆ ಇರಲಿಲ್ಲ. ಬಿಳಿಯ ದಾರದ, ಪುಟ್ಟ ಪುಟ್ಟ, ಅಚ್ಚುಕಟ್ಟಾದ ಹೊಸ ಹೊಲಿಗೆ ಇತ್ತು. ಚೌಕದ ಪಕ್ಕದಲ್ಲಿ ಮುಷ್ಟಿ ಬಿಗಿದು ಮಲಗಿದ ಒಂದು ಕೆಂಪನೆಯ ಕೂಸು.

ಮೇಷ್ಟ್ರು ಪತ್ರ ಓದಿದರು. ಮಗಳಿಗೆ ಬಾಣಂತಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದಳಂತೆ, ಅದಕ್ಕೇ ತಡ. ಹೆಲೆನ್ ಮನೆಯಲ್ಲಿ ತಾನೇ ಬೇಯಿಸಿದ ಬ್ರೆಡ್ಡಿನ ಒಂದು ಚೂರನ್ನು ಗಟ್ಟಿಯಾಗುವವರೆಗೆ ಒಲೆಯಲ್ಲಿ ಒಣಗಿಸಿ, ಐದು ಗೋಧಿ ಕಾಳು ಸೇರಿಸಿ, ಚೌಕ ಬಿಚ್ಚಿ ಒಳಗಿಟ್ಟಿದ್ದಳು. ಮಗುವಿನ ಬೆರಳು ಮುಟ್ಟಿಸಿಯೇ ಇಟ್ಟಿದ್ದಳು. 'ಅಜ್ಜಿಗೆ ಹೇಳಿ, ನಮ್ಮಲ್ಲಿ ಬೆಲ್ಲ ಸಿಗುವುದಿಲ್ಲ. ಒಂದು ಮರದ ರಸದಿಂದ ಮಾಡಿದ ಸಕ್ಕರೆ ಹಾಕಿದ್ದೇನೆ. ಅದು ನಡೆಯುತ್ತದೆಯೇ?'

ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಅಜ್ಜಿಯರು. ಒಬ್ಬಳಿಗೆ ಇನ್ನೊಬ್ಬಳ ಭಾಷೆಯ ಒಂದಕ್ಷರ ಬಾರದು. ನನ್ನ ಕಣ್ಣು ತುಂಬಿ ಪರದೆ ಕಲಸಿಹೋಯಿತು. ಒರೆಸಿಕೊಂಡು ನೋಡಿದರೆ ಕೊಟ್ರಜ್ಜಿ ಮುಂದೆ ಬಗ್ಗಿ, ಗಾಜಿನ ಮೇಲೆ, ಆ ಕೆಂಪು ಚೌಕದ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡುತ್ತಿದ್ದಳು. ಒಳಗೆ ಏನಾದರೂ ಗಟ್ಟಿಯಾಗಿ ಸಿಗುತ್ತದೆಯೋ ಎಂದು ಪರೀಕ್ಷಿಸುವವಳ ಹಾಗೆ.

"ತುಂಬೈತೆ," ಎಂದಳು.

"ಮರದ ಸಕ್ಕರೆ ನಡೀತೈತಾ ಅಂತ ಕೇಳ್ಯಾರೆ ಅಮ್ಮಾ," ಎಂದರು ಮೇಷ್ಟ್ರು.

"ಸಿಹಿ ಇದ್ರೆ ಸಾಕು, ಉಳಿದ ನಾಲ್ಕಕ್ಕೂ ಹೊಟ್ಟೆ ಅಲ್ಲೇ ತುಂಬ್ಲಿ ಅಂತ ಬರೀರಿ. ದಾರ ಬಿಗಿ ಎಳೆದಾಳೆ, ಮುಂದಿನ ಸಲ ಸ್ವಲ್ಪ ಸಡ್ಲ ಬಿಡು ಅಂತಾನೂ ಬರೀರಿ."

ಆಮೇಲೆ ಅವಳು ಸೆರಗಿನಲ್ಲಿ ಕೈಯೊರೆಸಿಕೊಂಡು, ಎಲೆಯಡಿಕೆ ಚೀಲ ಬಿಚ್ಚಿ, ಮಡಚಿದ ಆ ಬಟ್ಟೆಯ ತುಂಡನ್ನೂ ದಾರದ ಉಂಡೆಯನ್ನೂ ತೆಗೆದು ನನ್ನ ಮುಂದೆ ಹಿಡಿದಳು.

"ಪೋಣಿಸು."

ಟೈಪ್‌ರೈಟರುಗಳ ನಡುವೆ ನಿಂತು ಮೊದಲ ಸೂಜಿ ಎತ್ತಿಕೊಂಡೆ. ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು, ಮೂರನೇ ಸಲವೂ ದಾರ ಸೂಜಿಯ ಪಕ್ಕಕ್ಕೇ ಹೋಯಿತು. ನನ್ನ ಅಂಗಿಯ ಎರಡನೇ ಗುಂಡಿ ಹಿಡಿದು ಎಳೆಯುತ್ತ ಸಿಂಚು ಮನೆಗೆ ಹೋಗೋಣ ಎನ್ನುತ್ತಿದ್ದಳು.

"ನಿಧಾನ ಮಾಡು," ಎಂದಳು ಕೊಟ್ರಜ್ಜಿ. "ಇನ್ನೂ ನಾಲ್ಕು ಹೊಟ್ಟೆ ತುಂಬಬೇಕು."